ಪೂಡಿಮಡಕಕ್ಕೆ ಹೋಗುವ ದಾರಿ

ರಾತ್ರಿ ಹನ್ನೊಂದು ದಾಟಿತ್ತು. ವಿಜಯವಾಡದ ಆಟೋನಗರದ ಹೊರಗೆ, ಚೆನ್ನೈ–ಕೋಲ್ಕತ್ತ ಹೆದ್ದಾರಿಯ ಬದಿಯಲ್ಲಿ ನಿಂತು ನಾನು ಚಕ್ರ ಎಣಿಸುತ್ತಿದ್ದೆ. ಒಂದು ಸಾಲಿಗೆ 8, ಅಂಥವು 14 ಸಾಲು. ಆ 112 ಚಕ್ರಗಳ ಮೇಲೆ ತಾಡಪಾಲು ಹೊದ್ದು ಒಂದು ಉಕ್ಕಿನ ಪಾತ್ರೆ ಮಲಗಿತ್ತು. ಪಾತ್ರೆ ಎನ್ನುವುದು ಕಾರ್ಖಾನೆಯವರ ಮಾತು. ನನ್ನ ಕಣ್ಣಿಗೆ ಊರ ಜಾತ್ರೆಯ ತೇರನ್ನೇ ಅಡ್ಡ ಮಲಗಿಸಿದ ಹಾಗೆ ಕಂಡಿತು. ಅದರ ನೆತ್ತಿಯ ಮೇಲೆ ಲುಂಗಿ ಎತ್ತಿ ಕಟ್ಟಿದ ಹುಡುಗನೊಬ್ಬ ಕುಕ್ಕರಗಾಲಲ್ಲಿ ಕೂತಿದ್ದ. ಕೈಯಲ್ಲೊಂದು ಬಿದಿರು ಗಳ, ಅದರ ತುದಿಗೆ ಕವೆ.

ಗಾಡಿ ಕದಲಿತು. ರಸ್ತೆಗೆ ಅಡ್ಡ ಹಾದ ಕೇಬಲ್ ತಂತಿಯೊಂದು ಎದುರಾದ ಕೂಡಲೇ ಹುಡುಗ ಎದ್ದು ನಿಂತ. ತಂತಿಯನ್ನು ಕವೆಗೆ ಸಿಕ್ಕಿಸಿ ಮೇಲೆತ್ತಿದ. ಗಾಡಿ ಅವನ ಕಾಲ ಕೆಳಗೆ ಆಮೆಯ ಹಾಗೆ ಮುಂದೆ ಸಾಗುತ್ತಿದ್ದರೆ ಅವನು ಉಕ್ಕಿನ ಬೆನ್ನ ಮೇಲೆ ಹಿಂದಕ್ಕೆ ಹೆಜ್ಜೆ ಹಾಕುತ್ತ ಬಂದ. ಬಾಲದ ತುದಿಯಲ್ಲಿ, ಮಲಗಿದ ಮಗುವಿನ ತಲೆಯನ್ನು ದಿಂಬಿಗೆ ಇಳಿಸುವಂತೆ, ತಂತಿಯನ್ನು ಇಳಿಸಿದ. ಅದು ನಾಲ್ಕು ಸಲ ತೂಗಾಡಿ ನಿಂತಿತು. ಯಾರ ಮನೆಯ ಟಿವಿಯೂ ಆರಲಿಲ್ಲ. ಹುಡುಗ ಮತ್ತೆ ಮುಂದಕ್ಕೆ ಓಡಿದ. ಇನ್ನೊಂದು ತಂತಿ ಕಾಯುತ್ತಿತ್ತು.

‘ವಿಶಾಖಪಟ್ಟಣದ ತನಕ ಹೀಗೇನಾ?’ ಎಂದು ಹಿಂದಿನ ಜೀಪಿನ ಚಾಲಕನನ್ನು ಕೇಳಿದೆ. ಅವನು ನನ್ನ ತೆಲುಗು ಕೇಳಿ ಕನ್ನಡಕ್ಕೆ ಹೊರಳಿದ. ‘ಹೊಸಪೇಟೆನಾ ಅಣ್ಣಾ? ನಂದು ಆಲೂರು, ಬಳ್ಳಾರಿ ಪಕ್ಕ. ಗಣಿ ಟೈಮಲ್ಲಿ ಬೇಲೆಕೇರಿಗೆ ಅದಿರು ಹೊಡ್ದೀನಿ. ಅವಾಗ ಒಂದ್ ರಾತ್ರಿಗೆ ಹೋಗಿಬಿಡ್ತಿದ್ವಿ. ಇದು ಹಂಗಲ್ಲ. ಇಲ್ಲಿಂದ 350 ಕಿಲೋಮೀಟರು, ಎಷ್ಟ್ ದಿನ ಅಂತ ಹೇಳಂಗಿಲ್ಲ. ಸೇತುವೆಗೊಂದು ಪರ್ಮಿಷನ್, ಟೋಲ್ ಗೇಟಿಗೊಂದು ಪರ್ಮಿಷನ್, ಕರೆಂಟಿನೋರಿಗೊಂದು ಪರ್ಮಿಷನ್.’ ಒಳಗೇನಿದೆ ಎಂದು ಕೇಳಿದ್ದಕ್ಕೆ, ‘ಏನೂ ಇಲ್ಲಣ್ಣ, ಖಾಲಿ. ಯಾವುದೋ ಗ್ಯಾಸ್ ತುಂಬ್ತಾರಂತೆ’ ಅಂದ.

ಆ ಮಾತು ಇಡೀ ಪ್ರವಾಸದುದ್ದಕ್ಕೂ ನನ್ನ ಕಿವಿಯಲ್ಲಿತ್ತು. ಗಾಳಿಗಿಂತ 14 ಪಟ್ಟು ಹಗುರವಾದ ಅನಿಲವನ್ನು ಹಿಡಿದಿಡಲು ನೂರಾರು ಟನ್ನಿನ ಉಕ್ಕು ಬೇಕು. ಆ ಉಕ್ಕು ಒಂದು ಬಿದಿರು ಗಳದ ಕೃಪೆಯಿಂದ ಊರಿಂದೂರಿಗೆ ಹೋಗಬೇಕು.

ನಾನು ಹೊರಟದ್ದು ಹೊಸಪೇಟೆಯಿಂದ. ನಮ್ಮ ಊರಿನಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿ ತೋರಣಗಲ್ಲು ಸಿಗುತ್ತದೆ. 2025ರ ನವೆಂಬರ್‌ನಲ್ಲಿ ಅಲ್ಲಿ ಜೆಎಸ್‌ಡಬ್ಲ್ಯು ಎನರ್ಜಿಯವರು ವರ್ಷಕ್ಕೆ 3,800 ಟನ್ ಹಸಿರು ಹೈಡ್ರೋಜನ್ ತಯಾರಿಸುವ ಘಟಕವನ್ನು ಆರಂಭಿಸಿದರು. ಕಲ್ಲಿದ್ದಲಿನಿಂದ ಅದಿರು ಕರಗಿಸುವ ಕಾರ್ಖಾನೆಯ ಮಗ್ಗುಲಲ್ಲೇ ಸೂರ್ಯನ, ಗಾಳಿಯ ವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್ ತೆಗೆಯುವುದು! ಸುದ್ದಿ ಓದಿದಾಗ ನನಗೆ ಹೈಸ್ಕೂಲಿನ ಪ್ರಯೋಗಾಲಯ ನೆನಪಾಯಿತು. ನೀರಿಗೆ ನಾಲ್ಕು ಹನಿ ಆಮ್ಲ ಹಾಕಿ, ಎರಡು ತಂತಿ ಇಳಿಬಿಟ್ಟು, ಬ್ಯಾಟರಿಗೆ ಜೋಡಿಸಿ ಮೇಷ್ಟ್ರು ಪಕ್ಕಕ್ಕೆ ಸರಿದರೆ ಒಂದು ನಳಿಕೆಯಲ್ಲಿ ಇನ್ನೊಂದರ ಎರಡರಷ್ಟು ಗುಳ್ಳೆ. ಉರಿವ ಕಡ್ಡಿ ಹಿಡಿದರೆ ‘ಪಟ್’. ಆ ಶಬ್ದ ಕೇಳಲು ನಾವು ಬೆಂಚಿನ ಮೇಲೆ ಹತ್ತಿ ನಿಲ್ಲುತ್ತಿದ್ದೆವು. ಪುಸ್ತಕದಲ್ಲಿ ಅದರ ಹೆಸರು ಜಲಜನಕ, ನೀರನ್ನು ಹುಟ್ಟಿಸುವುದು. ತೆಲುಗಿನ ಹಳೆಯ ಪಠ್ಯಗಳಲ್ಲಿ ಅದು ಉದಜನಿ. ಗಡಿಯ ಎರಡೂ ಕಡೆ ಮೇಷ್ಟ್ರುಗಳು ಮಕ್ಕಳಿಗೆ ಒಂದೇ ಅರ್ಥವನ್ನು ಎರಡು ಮಾತಿನಲ್ಲಿ ಹೇಳಿಕೊಟ್ಟಿದ್ದಾರೆ.

ಆ ‘ಪಟ್’ ಶಬ್ದದ ಯಂತ್ರ ದೊಡ್ಡದಾಗಿ ಬರಬೇಕಾದರೆ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಯೇ ನನ್ನನ್ನು ಅಮರಾವತಿ ಎಕ್ಸ್‌ಪ್ರೆಸ್ ಹತ್ತಿಸಿತು. ಸಂಕ್ರಾಂತಿ ಕಳೆದ ವಾರ. ಗುಂತಕಲ್ಲು, ನಂದ್ಯಾಲ, ಗುಂಟೂರು ದಾಟಿ ಬೆಳಕು ಹರಿದಾಗ ಕಿಟಕಿಯಾಚೆ ಕೊಯ್ಲಾದ ಗದ್ದೆ, ಹುಲ್ಲಿನ ಬಣವೆ, ತೆಂಗು. ನಂತರ ಒಮ್ಮೆಗೇ ಸೇತುವೆಯ ಸದ್ದು, ಕೆಳಗೆ ಕೃಷ್ಣೆ.

ನಮ್ಮ ಊರ ತುಂಗಭದ್ರೆ ಕರ್ನೂಲಿನ ಹತ್ತಿರ ಸಂಗಮೇಶ್ವರಂನಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ ಎಂದು ಗೊತ್ತಿತ್ತು. ಆದರೂ ಪ್ರಕಾಶಂ ಬ್ಯಾರೇಜಿನ ಮೇಲೆ ನಿಂತು, ಆಲಮಟ್ಟಿಯ ನೀರೂ ನಮ್ಮ ಟಿ.ಬಿ. ಡ್ಯಾಮಿನ ನೀರೂ ಒಂದಾಗಿ ಕಾಲ ಕೆಳಗೆ ನಿಂತಿರುವುದನ್ನು ಕಂಡಾಗ ಕೈ ತಾನೇ ಮುಗಿಯಿತು. ಇಲ್ಲಿ 1850ರ ದಶಕದಲ್ಲೇ ಒಂದು ಅಣೆಕಟ್ಟು ಎದ್ದಿತ್ತು. ಈಗಿನ ಬ್ಯಾರೇಜು 1957ರದು. ಎಡಕ್ಕೆ ಇಂದ್ರಕೀಲಾದ್ರಿಯ ಮೇಲೆ ಕನಕದುರ್ಗೆ. ಎದುರು ದಡದ ಆಚೆ, ಅಮರಾವತಿಯ ಎಸ್‌ಆರ್‌ಎಂ ವಿಶ್ವವಿದ್ಯಾಲಯದಲ್ಲಿ 2025ರ ಜುಲೈನಲ್ಲಿ ಹಸಿರು ಹೈಡ್ರೋಜನ್ ಸಮಾವೇಶ ನಡೆದು, ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ‘ಹಸಿರು ಹೈಡ್ರೋಜನ್ ಕಣಿವೆ’ಯ ಘೋಷಣೆ ಹೊರಡಿಸಿದರು. ಹೈಡ್ರೋಜನ್ ತಯಾರಿಕೆಯ ಜೊತೆಗೆ, ನೀರನ್ನು ಒಡೆಯುವ ಯಂತ್ರವನ್ನೂ, ಅಂದರೆ ಎಲೆಕ್ಟ್ರೊಲೈಸರನ್ನೂ, ರಾಜ್ಯದಲ್ಲೇ ತಯಾರಿಸಬೇಕು ಎಂಬುದು ಅದರ ಗುರಿಗಳಲ್ಲೊಂದು. ಗುರಿಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದೇ.

ಯಾಕೆಂದರೆ ವಿಜಯವಾಡದಲ್ಲಿ ನಿಂತರೆ ಯಂತ್ರಗಳ ದಾರಿ ಕಣ್ಣಿಗೆ ಕಾಣುತ್ತದೆ. ಬೆಂಗಳೂರಿನ ಸುತ್ತ ಓಮಿಯಂ ಕಂಪನಿ ಪೆಮ್ ಎಂಬ ಬಗೆಯ ಎಲೆಕ್ಟ್ರೊಲೈಸರ್ ತಯಾರಿಸುತ್ತದೆ. ಅಲ್ಲಿಂದ ವಿಶಾಖಪಟ್ಟಣಕ್ಕೆ ಲಾರಿಯಲ್ಲಿ ಹೋಗುವುದಾದರೆ ಈ ಊರನ್ನು ಹಾಯಲೇಬೇಕು. ಗುಜರಾತಿನ ಹಜೀರಾದಿಂದ, ಪುಣೆಯಿಂದ ಬರುವ ಭಾರಿ ಸಾಮಾನು ಹೈದರಾಬಾದ್ ದಾಟಿ ಇಲ್ಲಿಯೇ ಹೆದ್ದಾರಿ ಹಿಡಿಯುತ್ತದೆ. ಆಟೋನಗರದಲ್ಲಿ ಇಡೀ ಒಂದು ಹಗಲು ಅಲೆದೆ. ಲಾರಿಗೆ ಮೈ ಕಟ್ಟುವವರು, ಪಟ್ಟಾ ಬಡಿಯುವವರು, ಟಿಂಕರಿಂಗ್, ಪೇಂಟಿಂಗ್, ಹಳೆಯ ಟಯರಿಗೆ ಹೊಸ ಚರ್ಮ ಕೂರಿಸುವವರು. ಒಂದು ಶೆಡ್ಡಿನಲ್ಲಿ ಟ್ರೈಲರಿನ ಹೈಡ್ರಾಲಿಕ್ ಜಾಕನ್ನು ಬಿಚ್ಚಿ ಹಾಸಿದ್ದರು. ಅದರ ಸೀಲು ಜರ್ಮನಿಯದಂತೆ. ಬರಲು ತಡವಾದ್ದರಿಂದ ಇಲ್ಲೇ ಲೇತಿನಲ್ಲಿ ಕೊರೆದು ಕೂರಿಸುತ್ತಿದ್ದರು. ‘ಆಗುತ್ತಾ?’ ಎಂದೆ. ಮೇಸ್ತ್ರಿ ಎಣ್ಣೆ ಕೈಯನ್ನು ಬನಿಯನ್ನಿಗೆ ಒರೆಸಿಕೊಂಡು, ‘ಎಣ್ಣೆಗೆ ಆಗುತ್ತೆ ಸಾರ್’ ಅಂದ.

ಎಣ್ಣೆಗೆ ಆಗುತ್ತದೆ, ಹೈಡ್ರೋಜನ್ನಿಗೆ ಆಗುವುದಿಲ್ಲ. ಎಲ್ಲ ಅನಿಲಗಳಿಗಿಂತ ಹಗುರವಾದ, ಬಲು ಸಣ್ಣ ಅಣು ಅದು. ಎಣ್ಣೆ, ನೀರು, ಗಾಳಿ ನಿಲ್ಲುವ ಕಡೆ ಅದು ನಿಲ್ಲದು. ಕೆಲವು ಬಗೆಯ ಉಕ್ಕಿನ ಒಳಗೇ ಹೊಕ್ಕು ಅದನ್ನು ಹಪ್ಪಳದಂತೆ ಗರಿಗರಿ ಮಾಡಿಬಿಡುತ್ತದೆ. ಕಣ್ಣಿಗೆ ಕಾಣದು, ವಾಸನೆಯಿಲ್ಲ, ಉರಿದರೆ ಹಗಲಲ್ಲಿ ಜ್ವಾಲೆಯೂ ಸರಿಯಾಗಿ ತೋರದು. ಅದಕ್ಕೇ ಅದರ ವಾಲ್ವು, ಕಂಪ್ರೆಸರು, ಪಟ್ಟಿ, ಸೀಲು ಎಲ್ಲವೂ ಬೇರೆ ಜಾತಿಯವು. ಅಂಥವನ್ನು ಮಾಡುವವರು ಜಗತ್ತಿನಲ್ಲೇ ಕೆಲವರು. ಅವರ ಬಾಗಿಲಲ್ಲಿ ಎಲ್ಲ ದೇಶಗಳೂ ಒಟ್ಟಿಗೇ ಸಾಲು ನಿಂತಿವೆ.

ಯಂತ್ರದ ಹೃದಯವನ್ನು ಇನ್ನೂ ಹತ್ತಿರದಿಂದ ನೋಡಿದರೆ ಅಚ್ಚರಿ ಹೆಚ್ಚುತ್ತದೆ. ಎಲೆಕ್ಟ್ರೊಲೈಸರಿನಲ್ಲಿ ಮುಖ್ಯವಾಗಿ ಎರಡು ಬಗೆ. ಹಳೆಯದು ಕ್ಷಾರದ್ದು: ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ದ್ರಾವಣ, ನಿಕಲ್ಲಿನ ಜಾಲರಿ, ನಡುವೆ ಎರಡು ಅನಿಲಗಳು ಬೆರೆಯದಂತೆ ತಡೆಯುವ ಒಂದು ತೆಳು ಪರದೆ. ಆ ಪರದೆಗಳಲ್ಲಿ ಹೆಸರಾಂತದ್ದು ಜಿರ್‌ಫಾನ್, ಬೆಲ್ಜಿಯಂನ ಆಗ್ಫಾದವರದು. ಒಂದು ಕಾಲಕ್ಕೆ ನಮ್ಮ ಮದುವೆ ಫೋಟೋಗಳ ಫಿಲ್ಮು ಮಾಡುತ್ತಿದ್ದ ಅದೇ ಆಗ್ಫಾ. ಹೊಸದು ಪೆಮ್: ಅದಕ್ಕೆ ಪ್ಲಾಸ್ಟಿಕ್ಕಿನ ಹಾಗೆ ಕಾಣುವ ನಾಫಿಯಾನ್ ಎಂಬ ಪೊರೆ ಬೇಕು, ಅಮೆರಿಕದ ಕೆಮೋರ್ಸ್ ಕಂಪನಿಯದು. ಪೊರೆಯ ಒಂದು ಮೈಗೆ ಇರಿಡಿಯಂ ಲೇಪನ. ಇಡೀ ಜಗತ್ತು ವರ್ಷಕ್ಕೆ ತೆಗೆಯುವ ಇರಿಡಿಯಂ ಏಳೆಂಟು ಟನ್ ಮಾತ್ರ. ಬಹುಪಾಲು ದಕ್ಷಿಣ ಆಫ್ರಿಕದಿಂದ, ಅದೂ ಪ್ಲಾಟಿನಂ ಗಣಿಯ ಉಪೋತ್ಪನ್ನವಾಗಿ. ನಮ್ಮ ಸಂಡೂರಿನ ಒಂದು ಅದಿರು ಲಾರಿಗೆ ಸಾಲದಷ್ಟು ಲೋಹದ ಮೇಲೆ ಭೂಮಿಯ ಇಷ್ಟೊಂದು ಆಸೆ ನಿಂತಿದೆ. 2020ರ ಆರಂಭದಲ್ಲಿ ಔನ್ಸಿಗೆ 1,500 ಡಾಲರ್ ಆಸುಪಾಸಿನಲ್ಲಿದ್ದ ಅದರ ಬೆಲೆ ಮುಂದಿನ ವರ್ಷ 6,000 ದಾಟಿತು. ಅಂಥ ಹೊತ್ತಿನಲ್ಲಿ ಟೆಂಡರ್ ಹಾಕಿದವರ ಗತಿ ಏನು?

ಹಾಗಾದರೆ ಚೀನಾದಿಂದ ತರಬಹುದಲ್ಲ ಎಂದರೆ, ಜಗತ್ತಿನ ಎಲೆಕ್ಟ್ರೊಲೈಸರ್ ತಯಾರಿಕಾ ಸಾಮರ್ಥ್ಯದಲ್ಲಿ ಸುಮಾರು ಶೇಕಡಾ 60 ಅಲ್ಲಿದೆ, ಬೆಲೆಯೂ ಕಡಿಮೆ. ಆದರೆ 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, ನಮ್ಮೊಂದಿಗೆ ಭೂಗಡಿ ಇರುವ ದೇಶಗಳ ಕಂಪನಿಗಳು ಸರ್ಕಾರಿ ಟೆಂಡರಿಗೆ ಬರಬೇಕಾದರೆ ಮೊದಲು ನೋಂದಣಿ, ಪರಿಶೀಲನೆ ಆಗಬೇಕು. ಗಲ್ವಾನ್ ಕಣಿವೆಯ ಸಂಘರ್ಷ ಆದ ಮೇಲೆ ಅದು ಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಆದರೆ ಅದರ ಬೆಲೆಯನ್ನೂ ಒಪ್ಪಿಕೊಳ್ಳಬೇಕು. ಯುರೋಪಿನಿಂದ ತರಿಸೋಣವೆಂದರೆ 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ. ಸೂಯೆಜ್ ಬಿಟ್ಟು ಆಫ್ರಿಕವನ್ನೇ ಸುತ್ತಿ ಬಂದ ಹಡಗಿಗೆ ಹತ್ತು ಹದಿನಾಲ್ಕು ದಿನ ಹೆಚ್ಚು. ನಮ್ಮಲ್ಲೇ ಮಾಡೋಣವೆಂದು ಎಲ್ ಆಂಡ್ ಟಿ ಹಜೀರಾದಲ್ಲಿ 2024ರ ಮಾರ್ಚ್‌ನಲ್ಲಿ ದೇಶದಲ್ಲೇ ತಯಾರಾದ ತನ್ನ ಮೊದಲ ಎಲೆಕ್ಟ್ರೊಲೈಸರ್ ನಡೆಸಿತು. ತಂತ್ರಜ್ಞಾನ ಫ್ರಾನ್ಸಿನ ಮ್ಯಾಕ್‌ಫಿಯದು. ಮರುವರ್ಷ ಆ ಮ್ಯಾಕ್‌ಫಿಯೇ ಮುಳುಗಿತು. ನಕ್ಷೆ ಕೊಟ್ಟವನೇ ಅಂಗಡಿ ಮುಚ್ಚಿದರೆ ಬಿಡಿಭಾಗಕ್ಕೆ ಯಾರನ್ನು ಕೇಳುವುದು ಎಂಬ ಚಿಂತೆ ಇಂಥ ಹೊಸ ಉದ್ಯಮದ ಬೆನ್ನಿಗೇ ಇರುತ್ತದೆ.

ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಹಗಲು ರೈಲಿನಲ್ಲಿ ಹೋದೆ. ಗೋದಾವರಿ ದಾಟುವಾಗ ಬೋಗಿಯಲ್ಲಿದ್ದವರೆಲ್ಲ ನಾಣ್ಯ ಎಸೆದರು, ನಾನೂ ಎಸೆದೆ. ಸಾಮರ್ಲಕೋಟ ಬಂದಾಗ ಬಲಗಡೆ ಕಾಕಿನಾಡದ ದಾರಿ. ಅಲ್ಲಿ ಹಳೆಯ ನಾಗಾರ್ಜುನ ರಸಗೊಬ್ಬರ ಕಾರ್ಖಾನೆಯ ಜಾಗದಲ್ಲಿ ಎಎಂ ಗ್ರೀನ್ ಕಂಪನಿ ಹಸಿರು ಹೈಡ್ರೋಜನ್ನಿನಿಂದ ವರ್ಷಕ್ಕೆ 10 ಲಕ್ಷ ಟನ್ ಹಸಿರು ಅಮೋನಿಯಾ ತಯಾರಿಸುವ ಯೋಜನೆ ಹೂಡಿದೆ. ಅದಕ್ಕೆ 1,300 ಮೆಗಾವ್ಯಾಟ್ ಎಲೆಕ್ಟ್ರೊಲೈಸರ್ ಪೂರೈಸಲು ಗೊತ್ತಾದದ್ದು ಬೆಲ್ಜಿಯಂ ಮೂಲದ ಜಾನ್ ಕಾಕರಿಲ್.

ವಿಶಾಖಪಟ್ಟಣದಲ್ಲಿ ನನ್ನ ಸೋದರಮಾವ ಇದ್ದಾರೆ. ಭದ್ರಾವತಿಯಲ್ಲಿ ವೆಲ್ಡಿಂಗ್ ಕಲಿತು, 1970ರ ದಶಕದಲ್ಲಿ ಇಲ್ಲಿಯ ಭಾರತ್ ಹೆವಿ ಪ್ಲೇಟ್ ಆಂಡ್ ವೆಸಲ್ಸ್ ಸೇರಿ, ಇಲ್ಲೇ ಮನೆ ಮಾಡಿ ನಿವೃತ್ತರಾದವರು. 1966ರಲ್ಲಿ ಹುಟ್ಟಿದ ಆ ಸಾರ್ವಜನಿಕ ಉದ್ದಿಮೆ 2013ರಲ್ಲಿ ಬಿಎಚ್‌ಇಎಲ್‌ನಲ್ಲಿ ವಿಲೀನವಾಯಿತು. ಊರಿನವರಿಗೆ ಅದು ಇವತ್ತಿಗೂ ಬಿಎಚ್‌ಪಿವಿಯೇ. ರಸಗೊಬ್ಬರ ಕಾರ್ಖಾನೆ, ರಿಫೈನರಿಗಳಿಗೆ ಬೇಕಾದ ದೈತ್ಯ ಪಾತ್ರೆಗಳನ್ನು ದೇಶದಲ್ಲೇ ಮಾಡಬೇಕೆಂದು ಕಟ್ಟಿದ ಜಾಗ ಅದು.

ಹೈಡ್ರೋಜನ್ ಎಂದ ಕೂಡಲೇ ಮಾವ ಎದ್ದು ಕೂತರು. ‘ಅದನ್ನ ನೋಡೋಕೆ ಬಂದ್ಯಾ ಅಳಿಯಾ? ನಾವು 30 ವರ್ಷ ಅದನ್ನ ಓಡಿಸೋದೇ ಕೆಲಸ ಮಾಡಿದ್ವಿ.’ ಒಳಗೆ ಹೋಗಿ ಒಂದು ವೆಲ್ಡಿಂಗ್ ರಾಡು ತಂದರು. ಬೂದು ಲೇಪನದ, ಒಂದೂವರೆ ಗೇಣಿನ ಕಡ್ಡಿ. ಇದರ ಲೇಪನಕ್ಕೆ ಗಾಳಿಯ ತೇವ ತಗುಲಬಾರದು. ತಗುಲಿದರೆ ಬೆಸೆಯುವ ಬಿಸಿಗೆ ಆ ತೇವ ಒಡೆದು ಹೈಡ್ರೋಜನ್ ಆಗಿ ಕರಗಿದ ಉಕ್ಕಿನೊಳಗೆ ಸೇರುತ್ತದೆ. ಬೆಸುಗೆ ಆರಿದ ಮೇಲೆ, ಕೆಲವೊಮ್ಮೆ ಮಾರನೆಯ ದಿನ, ಕೂದಲೆಳೆಯ ಬಿರುಕು. ಅದಕ್ಕೇ ಕಡ್ಡಿಗಳನ್ನು ಒಲೆಯಲ್ಲಿ ಗಂಟೆಗಟ್ಟಲೆ ಹುರಿದು, ಬಿಸಿಯಾಗಿರುವಾಗಲೇ ಡಬ್ಬಿಯಲ್ಲಿಟ್ಟುಕೊಂಡು ಒಂದೊಂದೇ ತೆಗೆದು ಬಳಸುತ್ತಿದ್ದರು. ‘ಸಮುದ್ರದ ಊರು ನೋಡು, ಗಾಳಿಯೆಲ್ಲ ತೇವ. ಕಡ್ಡಿ ಕೈ ಸುಡ್ತಾ ಇರಬೇಕು. ಸುಡಲಿಲ್ಲ ಅಂದ್ರೆ ವಾಪಸ್ ಒಲೆಗೆ’ ಎಂದು ಅಂಗೈ ಚಾಚಿದರು. ಬೆರಳ ತುದಿಗಳು ನುಣ್ಣಗೆ ಹೊಳೆಯುತ್ತಿದ್ದವು, ಗೆರೆಗಳೇ ಇರಲಿಲ್ಲ.

ಆ ಬೆರಳುಗಳನ್ನು ನಾನು ಬಹಳ ಹೊತ್ತು ನೋಡಿದೆ. ಹೈಡ್ರೋಜನ್ನನ್ನು ಉಕ್ಕಿನಿಂದ ಹೊರಗಿಡಲು ಸವೆದ ಬೆರಳು ಅವು. ಅದನ್ನೇ ಉಕ್ಕಿನೊಳಗೆ ತುಂಬಿಡಬೇಕಾದ ಈ ಕಾಲಕ್ಕೆ ಇದಕ್ಕಿಂತ ದೊಡ್ಡ ವಿದ್ಯೆ ಯಾವುದಿದೆ?

ಮರುದಿನ ಬೆಳಿಗ್ಗೆ ಮಾವ ನನ್ನನ್ನು ರಾಮಕೃಷ್ಣ ಬೀಚಿಗೆ ಕರೆದುಕೊಂಡು ಹೋದರು. ಮರಳಿನ ಮೇಲೆ ಕುರ್ಸುರಾ ಜಲಾಂತರ್ಗಾಮಿ, 2002ರಿಂದ ವಸ್ತುಸಂಗ್ರಹಾಲಯ. ಒಳಗೆ ತಲೆ ತಗ್ಗಿಸಿ ನಡೆಯುವಾಗ ಕಾಲ ಕೆಳಗೆ ಬ್ಯಾಟರಿ ಕೋಣೆ. ಆ ಸೀಸದ ಬ್ಯಾಟರಿಗಳು ಚಾರ್ಜಾಗುವಾಗ ಬಿಡುತ್ತಿದ್ದದ್ದೂ ಹೈಡ್ರೋಜನ್ನನ್ನೇ; ನಾವಿಕರು ಅದರ ಪ್ರಮಾಣ ಅಳೆಯುತ್ತ, ಗಾಳಿ ಆಡಿಸುತ್ತ ಎಚ್ಚರವಿರಬೇಕಿತ್ತು. ಈ ಊರಿಗೆ ಜಲಜನಕ ಹೊಸ ನೆಂಟನಲ್ಲ.

ಬಂದರು ನೋಡಲು ಡಾಲ್ಫಿನ್ಸ್ ನೋಸ್ ಗುಡ್ಡದ ಎದುರು ನಿಂತೆವು. ಗುಡ್ಡದ ಪಕ್ಕದ ಕಿರು ಕಾಲುವೆಯಲ್ಲಿ ಒಂದು ದೊಡ್ಡ ಹಡಗು ಸೂಜಿಗೆ ದಾರ ಪೋಣಿಸಿದ ಹಾಗೆ ಒಳಗೆ ಬರುತ್ತಿತ್ತು. ಈ ಬಂದರು ಕಟ್ಟುವಾಗ ಅಲೆ ತಡೆಯಲು ಎರಡು ಹಳೆಯ ಹಡಗುಗಳನ್ನೇ ಬಾಯಲ್ಲಿ ಮುಳುಗಿಸಿದರಂತೆ. 1933ರ ಅಕ್ಟೋಬರ್ 7ರಂದು ಸಿಂಧಿಯಾ ಕಂಪನಿಯ ಜಲದುರ್ಗಾ ಮೊದಲ ಹಡಗಾಗಿ ಒಳಬಂತು. ಆಚೆಗೆ ವಾಲ್‌ಚಂದ್ ಹೀರಾಚಂದ್ 1941ರಲ್ಲಿ ಶುರುಮಾಡಿದ ಹಡಗುಕಟ್ಟೆ. 1948ರ ಮಾರ್ಚ್‌ನಲ್ಲಿ ನೆಹರೂ ಅಲ್ಲಿಂದ ಜಲಉಷಾ ಹಡಗನ್ನು ನೀರಿಗಿಳಿಸಿದರು. ಸ್ವಾತಂತ್ರ್ಯ ಬಂದು ಏಳೇ ತಿಂಗಳಿಗೆ!

ಮಾವನ ಹಳೆಯ ಪರಿಚಯದ ಕ್ಲಿಯರಿಂಗ್ ಏಜೆಂಟರೊಬ್ಬರ ಕೃಪೆಯಿಂದ ಕಂಟೇನರ್ ಗೋದಾಮೊಂದರಲ್ಲಿ ಒಂದು ಪೆಟ್ಟಿಗೆ ತೆರೆಯುವುದನ್ನು ನೋಡುವ ಭಾಗ್ಯ ಸಿಕ್ಕಿತು. ಯಾವುದೋ ಸಣ್ಣ ಹೈಡ್ರೋಜನ್ ಘಟಕಕ್ಕೆ ಬಂದ ಕಂಪ್ರೆಸರಿನ ಭಾಗ. ಪೈನ್ ಮರದ ಪೆಟ್ಟಿಗೆ. ಮೂಲೆಯಲ್ಲಿ ಗೋಧಿ ತೆನೆಯ ಮುದ್ರೆ, ಪಕ್ಕದಲ್ಲಿ ಎಚ್‌ಟಿ ಎಂಬ ಎರಡಕ್ಷರ: ಮರವನ್ನು ಬಿಸಿ ಮಾಡಿ ಹುಳ ಕೊಂದಿದ್ದೇವೆ ಎಂಬ ಸಾಕ್ಷಿ. ಆ ಮುದ್ರೆಯಿಲ್ಲದಿದ್ದರೆ ಒಳಗಿನದು ಕೋಟಿ ಬೆಲೆಯದಾದರೂ ಪೆಟ್ಟಿಗೆ ಕದಲದು. ಬದಿಯಲ್ಲಿ ಬೆರಳುಗಾತ್ರದ ಗಾಜಿನ ನಳಿಕೆ ಅಂಟಿಸಿದ್ದರು. ದಾರಿಯಲ್ಲಿ ಎಲ್ಲಾದರೂ ಜೋರಾಗಿ ಕುಕ್ಕಿದ್ದರೆ ಅದು ಕೆಂಪಾಗುತ್ತದೆ. ಎಲ್ಲರೂ ಮೊದಲು ಬಗ್ಗಿ ನೋಡಿದ್ದು ಅದನ್ನೇ. ಬೆಳ್ಳಗಿತ್ತು. ಹಮಾಲಿಗಳ ಮುಖದಲ್ಲೂ ನಗೆ ಮೂಡಿತು. ಮೊಳೆ ಕಿತ್ತು, ಬೆಳ್ಳಿ ಹಾಳೆ ಸೀಳಿ, ಸಿಲಿಕಾ ಜೆಲ್ ಚೀಲಗಳನ್ನು ಸರಿಸಿದರೆ ಒಳಗೆ ಕನ್ನಡಿಯಂತೆ ಉಜ್ಜಿದ ಒಂದು ಉಕ್ಕಿನ ತಟ್ಟೆ. ಅಷ್ಟೇ. ಸಮುದ್ರ ದಾಟಿ ಬಂದದ್ದು ಒಂದು ಊಟದ ತಟ್ಟೆಯಗಲದ ಉಕ್ಕು. ಇದು ಬಾರದೆ ಒಂದು ಇಡೀ ಘಟಕ ತಿಂಗಳುಗಳಿಂದ ಸುಮ್ಮನೆ ಕೂತಿತ್ತು ಎಂದು ಏಜೆಂಟರು ಹೇಳಿದರು.

ಯಂತ್ರ ಬಂದರೆ ಸಾಲದು, ಅದಕ್ಕೆ ಹೆಸರು ಬೇಕು. ಆಮದಿನ ಪಟ್ಟಿಯಲ್ಲಿ ಎಲೆಕ್ಟ್ರೊಲೈಸರಿಗೆ ಬೇರೆಯೇ ಮನೆಯಿಲ್ಲ. ಲೋಹಕ್ಕೆ ವಿದ್ಯುತ್ತಿನಿಂದ ಲೇಪ ಹಾಕುವ ಯಂತ್ರಗಳ ಜೊತೆ 8543ನೇ ಶೀರ್ಷಿಕೆಯ ಕೆಳಗೆ ಅದನ್ನೂ ಸೇರಿಸುತ್ತಾರೆ. ಬಿಡಿಬಿಡಿಯಾಗಿ ಹತ್ತು ಹಡಗಿನಲ್ಲಿ ಬಂದರೆ ಪಂಪು ಒಂದು ಸಂಖ್ಯೆ, ರೆಕ್ಟಿಫೈಯರ್ ಇನ್ನೊಂದು, ಪೊರೆ ಮತ್ತೊಂದು. ಸಂಖ್ಯೆಯ ಬಗ್ಗೆ ತಕರಾರು ಎದ್ದರೆ ದಿನದ ಲೆಕ್ಕದಲ್ಲಿ ಡೆಮರೇಜ್, ಅಂದರೆ ತಡವಾದದ್ದರ ಶುಲ್ಕ, ಏರುತ್ತದೆ. ಒತ್ತಡದ ಪಾತ್ರೆಗಳಿಗೆ ನಾಗಪುರದ ಪೆಸೊ ಸಂಸ್ಥೆಯ, ಅಂದರೆ ಸ್ಫೋಟಕಗಳ ಇಲಾಖೆಯ, ಒಪ್ಪಿಗೆ ಬೇರೆ. ಏಜೆಂಟರು ಇದನ್ನೆಲ್ಲ ಹೇಳಿ ನಿಟ್ಟುಸಿರು ಬಿಟ್ಟರು.

ಇಲ್ಲಿ ಮಾತ್ರ ನಾನು ಅವರ ಪಕ್ಷ ವಹಿಸಲಾರೆ. 2020ರ ಮೇ 7ರ ನಸುಕಿನಲ್ಲಿ ಇದೇ ಊರಿನ ಆರ್.ಆರ್. ವೆಂಕಟಾಪುರಂನ ಕಾರ್ಖಾನೆಯೊಂದರ ಟ್ಯಾಂಕಿನಿಂದ ಸ್ಟೈರೀನ್ ಆವಿ ಸೋರಿ 12 ಜನ ಸತ್ತರು. ನಿದ್ದೆಗಣ್ಣಲ್ಲಿ ಓಡಿ ಬೀದಿಯಲ್ಲಿ ಬಿದ್ದವರ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ಇಲ್ಲಿಯ ಜನಕ್ಕೆ ‘ಗ್ಯಾಸ್’ ಎಂಬ ಮಾತು ಬೇರೆ ರೀತಿ ಕೇಳಿಸುತ್ತದೆ. ಆಮದಿನ ಸಂಖ್ಯೆಯ ಜಗಳವನ್ನು ಒಂದು ಸುತ್ತೋಲೆಯಲ್ಲಿ ಮುಗಿಸಬಹುದು, ಮುಗಿಸಬೇಕು. ಆದರೆ ಪಾತ್ರೆಯ ಪರೀಕ್ಷೆಯನ್ನು ಅವಸರಿಸಬಾರದು. ಬೇಕಾದದ್ದು ಬೇಗ ಪರೀಕ್ಷೆ ಮಾಡುವಷ್ಟು ಪ್ರಯೋಗಾಲಯ, ಬೇಕಾದಷ್ಟು ತಜ್ಞರು.

ಹೊರದೇಶದಿಂದ ಯಂತ್ರ ತರಿಸುವುದು ನಮಗೆ ಹೊಸದೂ ಅಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದಾಗ ಜನರೇಟರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು, ಟರ್ಬೈನು ಸ್ವಿಟ್ಜರ್ಲೆಂಡಿನ ಎಷರ್ ವಿಸ್‌ನದು. ಹಡಗು, ರೈಲು ಇಳಿದ ಮೇಲೆ ಅವನ್ನು ಕಾಡುದಾರಿಯಲ್ಲಿ ಎತ್ತು, ಆನೆಗಳು ಎಳೆದವು. ನೀರನ್ನು ಒಡೆದು ಹೈಡ್ರೋಜನ್ ತೆಗೆಯುವುದೂ ದೇಶಕ್ಕೆ ಗೊತ್ತಿದ್ದ ವಿದ್ಯೆ: 1960ರ ದಶಕದ ಆರಂಭದಲ್ಲೇ ಪಂಜಾಬಿನ ನಂಗಲ್‌ನಲ್ಲಿ ಭಾಕ್ರಾ ವಿದ್ಯುತ್ತಿನಿಂದ, ಇಟಲಿಯ ಡಿ ನೋರಾ ಯಂತ್ರಗಳಿಂದ, ಆ ಕಾಲದ ಜಗತ್ತಿನ ಬಲು ದೊಡ್ಡ ಘಟಕಗಳಲ್ಲೊಂದು ನಡೆದಿತ್ತು. ಅಗ್ಗದ ನೈಸರ್ಗಿಕ ಅನಿಲ, ನಾಫ್ತಾ ಬಂದ ಮೇಲೆ ದೇಶ ಆ ದಾರಿ ಬಿಟ್ಟಿತು. ಬಿಡದೆ ಇದ್ದಿದ್ದರೆ ಇವತ್ತು ಪರದೆಗೂ ಪೊರೆಗೂ ಪರದಾಡಬೇಕಿತ್ತೆ?

ಕೊನೆಯ ದಿನ ಪೂಡಿಮಡಕ. ವಿಶಾಖಪಟ್ಟಣದಿಂದ ದಕ್ಷಿಣಕ್ಕೆ, ಸಿಂಹಾದ್ರಿ ಉಷ್ಣಸ್ಥಾವರದ ಚಿಮಣಿಗಳನ್ನು ದಾಟಿ, ಅಚ್ಯುತಾಪುರಂ ಮೂಲಕ ಸಮುದ್ರದ ದಡಕ್ಕೆ. ಮೀನುಗಾರರ ದೊಡ್ಡ ಹಳ್ಳಿ. ದಡದಲ್ಲಿ ಬಣ್ಣದ ದೋಣಿಗಳು, ಒಣಗುವ ಬಲೆ, ಮೀನು ಹರವಿದ ಹೆಂಗಸರು. ಇಲ್ಲಿ ಎನ್‌ಟಿಪಿಸಿ ಮೊದಲು 4,000 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಕಟ್ಟಲು ಯೋಚಿಸಿತ್ತು. ಅದು ಆಗಲಿಲ್ಲ. ಅದೇ ಸೀಮೆಯ ಸುಮಾರು 1,200 ಎಕರೆಯಲ್ಲಿ ಈಗ ಹಸಿರು ಹೈಡ್ರೋಜನ್ ಹಬ್. 2025ರ ಜನವರಿ 8ರಂದು ಪ್ರಧಾನಿ ವಿಶಾಖಪಟ್ಟಣದಲ್ಲಿ ಶಂಕುಸ್ಥಾಪನೆ ಮಾಡಿದರು. ಅಂದಾಜು ಹೂಡಿಕೆ 1.85 ಲಕ್ಷ ಕೋಟಿ ರೂಪಾಯಿ. ಗುರಿ ದಿನಕ್ಕೆ 1,500 ಟನ್ ಹೈಡ್ರೋಜನ್.

ಮರಳಿನ ಮೇಲೆ ಕೂತು ಕಡ್ಡಿಯಿಂದ ಲೆಕ್ಕ ಬರೆದೆ. ಒಂದು ಕಿಲೋ ಹೈಡ್ರೋಜನ್ನಿಗೆ ಸುಮಾರು 50 ಯೂನಿಟ್ ವಿದ್ಯುತ್, ಕಡಿಮೆಯೆಂದರೂ 9 ಲೀಟರ್ ಶುದ್ಧ ನೀರು. ದಿನಕ್ಕೆ 1,500 ಟನ್ ಎಂದರೆ ಏಳೂವರೆ ಕೋಟಿ ಯೂನಿಟ್. ನಮ್ಮ ಶರಾವತಿಯ 1,035 ಮೆಗಾವ್ಯಾಟ್ ವಿದ್ಯುದಾಗಾರ 24 ಗಂಟೆಯೂ ಪೂರ್ಣ ಬಲದಲ್ಲಿ ತಿರುಗಿದರೆ ಎರಡೂವರೆ ಕೋಟಿ. ಅಂಥ ಮೂರು ಶರಾವತಿ! 5 ಮೆಗಾವ್ಯಾಟಿನ ಎಲೆಕ್ಟ್ರೊಲೈಸರ್ ಗಂಟೆಗೆ ಸುಮಾರು 90 ಕಿಲೋ ಹೈಡ್ರೋಜನ್ ಕೊಡುತ್ತದೆ; ಹಗಲು ರಾತ್ರಿ ನಡೆದರೂ ಅಂಥವು 700ರ ಹತ್ತಿರ ಬೇಕು. ಸೂರ್ಯ ಮುಳುಗುತ್ತಾನೆ, ಗಾಳಿ ನಿಲ್ಲುತ್ತದೆ, ಆದ್ದರಿಂದ ಇನ್ನೂ ಹೆಚ್ಚು. ಇಲ್ಲಿಗೆ ಹತ್ತಿರದ ಎಚ್‌ಪಿಸಿಎಲ್ ರಿಫೈನರಿಯ ಹಸಿರು ಹೈಡ್ರೋಜನ್ ಘಟಕದ್ದು ವರ್ಷಕ್ಕೆ 370 ಟನ್, ದಿನಕ್ಕೆ ಒಂದು ಟನ್. ಒಂದರಿಂದ 1,500ಕ್ಕೆ ಹೋಗುವ ದಾರಿಯಲ್ಲಿ ಎಷ್ಟು ಪೆಟ್ಟಿಗೆ, ಎಷ್ಟು ಗೋಧಿ ತೆನೆಯ ಮುದ್ರೆ, ಎಷ್ಟು ತಂತಿ ಎತ್ತುವ ಬಿದಿರು ಗಳ! ನನ್ನ ಎದೆ ತುಂಬಿ ಬಂತು.

ಬಲೆ ಹೆಣೆಯುತ್ತಿದ್ದ ಹಿರಿಯರೊಬ್ಬರು ಲೆಕ್ಕದ ಕಡೆ ಬಗ್ಗಿ, ‘ಏಮಿಟಿ ಬಾಬೂ?’ ಎಂದರು. ಹೈಡ್ರೋಜನ್ ಲೆಕ್ಕ ಎಂದೆ. ಅವರು ಒಂದೇ ಮಾತು ಕೇಳಿದರು: ಆ ಕಾರ್ಖಾನೆ ಬಂದರೆ ಹುಡುಗರಿಗೆ ಕೆಲಸ ಸಿಗುತ್ತದೆಯೇ, ಇಲ್ಲ, ಕೆಲಸದವರೂ ಹೊರಗಿನಿಂದಲೇ ಬರುತ್ತಾರೆಯೇ?

ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಒಪ್ಪಿದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ನಿಗೆ 19,744 ಕೋಟಿ ರೂಪಾಯಿ ಎತ್ತಿಟ್ಟಿದೆ. ಎಲೆಕ್ಟ್ರೊಲೈಸರನ್ನು ಇಲ್ಲೇ ತಯಾರಿಸುವವರಿಗೂ ಅದರಲ್ಲಿ ಪ್ರೋತ್ಸಾಹಧನವಿದೆ. ಒಳ್ಳೆಯದು. ಇರಿಡಿಯಂ ನಮ್ಮ ನೆಲದಲ್ಲಿ ಸಿಗದು, ಪೊರೆಯ ವಿದ್ಯೆ ಕೈಗೆ ಹತ್ತಲು ವರ್ಷಗಳು ಬೇಕು; ಅವನ್ನು ತರಿಸೋಣ, ಹಾಗೇ ಕಲಿಯೋಣ. ಆದರೆ ಉಕ್ಕಿನ ಪಾತ್ರೆ, ಕೊಳವೆ, ಚೌಕಟ್ಟು, ರೆಕ್ಟಿಫೈಯರ್, ಟ್ರಾನ್ಸ್‌ಫಾರ್ಮರ್ ಇವುಗಳಿಗೂ ಹಡಗಿನ ದಾರಿ ಕಾಯುವುದು ಮಾವನಂಥವರ ಊರಿಗೆ ಮಾಡುವ ಅವಮಾನ ಎಂದೇ ನನಗೆ ಅನ್ನಿಸಿತು.

ಹೊರಡುವ ಸಂಜೆ ಮಾವ ಆ ವೆಲ್ಡಿಂಗ್ ಕಡ್ಡಿಯನ್ನು ಪತ್ರಿಕೆಯಲ್ಲಿ ಸುತ್ತಿ ನನ್ನ ಚೀಲದಲ್ಲಿಟ್ಟರು. ‘ನಮ್ಮ ಶಾಪಿನಲ್ಲಿ ನನ್ನ ಜೊತೆ ಇದ್ದೋರೆಲ್ಲ ರಿಟೈರ್ ಆದ್ರು. ನಾನು ಕಲಿಸೋಕೆ ತಯಾರಿದೀನಿ, ಕಲಿಯೋರು ಬೇಕು’ ಅಂದರು.

ಅವರ ಪರವಾಗಿ ನಾನು ಕೇಳುತ್ತೇನೆ. ಹೊಸಪೇಟೆ, ಸಂಡೂರು, ಬಳ್ಳಾರಿ ಸೀಮೆಯ ಓದುಗರೇ, ನಿಮ್ಮ ಮನೆಯಲ್ಲಿ ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸುವ ಮಗನೋ ಮಗಳೋ ಇದ್ದರೆ, ಐಟಿಐನ ವೆಲ್ಡರ್ ಟ್ರೇಡಿಗೆ ಸೇರಿಸುವುದನ್ನು ಒಮ್ಮೆ ಯೋಚಿಸಿ. ತೋರಣಗಲ್ಲಿನಲ್ಲಿ ಘಟಕ ನಡೆಯುತ್ತಿದೆ, ಪೂಡಿಮಡಕದಲ್ಲಿ ನೆಲ ಸಿದ್ಧವಾಗುತ್ತಿದೆ.